ಕಂಚುವೀರನ ನಡಿಗೆ

ಈಗಲೂ ಹೇಳಬಹುದು. ಹೊಟ್ಟೆ ಸರಿಯಿಲ್ಲ ಎನ್ನಬಹುದು, ಪ್ರದರ್ಶನ ಮುಂದಕ್ಕೆ ಹೋಯಿತಂತೆ ಎನ್ನಬಹುದು, ಪಾಸುಗಳನ್ನು ಸ್ಟುಡಿಯೊದಲ್ಲೇ ಬಿಟ್ಟು ಬಂದೆ ಎನ್ನಬಹುದು. ಇಲ್ಲವೇ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಬಹುದು. ಆದರೆ ಅದನ್ನು ಯಾವ ತುದಿಯಿಂದ ಎತ್ತಿಕೊಳ್ಳುವುದು? ಅದೂ ಅಲ್ಲದೆ, ಅವಳಿಗೆ ಗೊತ್ತಾಗಿಯೇ ಆಗುತ್ತದೆ ಎಂದು ಯಾರು ಹೇಳಿದರು? ನೂರು ಸದ್ದುಗಳ ನಡುವೆ ಅದೊಂದು ಸದ್ದು. ಹಿಂದೆ ಸಂಗೀತವಿದೆ, ಮಳೆಯಿದೆ, ಗಾಳಿಗೆ ಬಡಿದುಕೊಳ್ಳುವ ಕಿಟಕಿಯಿದೆ. ಸಿನಿಮಾಕ್ಕೆ ಹೋದವರು ಕಣ್ಣು ತೆರೆದು ಕೂರುತ್ತಾರೆಯೇ ಹೊರತು ಕಿವಿ ತೆರೆದು ಕೂರುವುದಿಲ್ಲ. ಆದರೆ ಅವಳು ತನ್ನ ಮಗಳು.

ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು, ಒಂದು ಕಾಲಿಗೆ ಬೂಟು ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು, ಅವನು ಇದನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದ.

“ಅಪ್ಪ, ಆ ಬೂಟು ಏನಾದ್ರೂ ಕಥೆ ಹೇಳ್ತಾ ಇದೆಯಾ?”

ಮಗಳು ಒಳಗಿನಿಂದ ಬಂದಳು. ಕಾಣಿಸುವ ಮೊದಲೇ ಅವಳು ಕೇಳಿಸಿದ್ದಳು: ಟಕ್, ಒಂದು ಚೂರು ತಡೆದು ಸರ್ರ್, ಅದರ ಬೆನ್ನಿಗೇ ಅವಸರದ ಇನ್ನೊಂದು ಟಕ್. ಹುಟ್ಟುವಾಗಲೇ ಅವಳ ಎಡಗಾಲು ಒಂದಿಷ್ಟು ಗಿಡ್ಡ. ದಪ್ಪ ಅಟ್ಟೆಯ ಬೂಟು ಆ ಕೊರತೆಯ ಮುಕ್ಕಾಲು ಪಾಲನ್ನು ತುಂಬಿತ್ತು, ಉಳಿದದ್ದನ್ನು ಅವಳ ಸೊಂಟ ತುಂಬುತ್ತಿತ್ತು. ಇವತ್ತು ಆ ಬೂಟಿಗೆ ಅವಳೇ ಪಾಲಿಶ್ ಹಾಕಿದ್ದಳು, ಮುಖ ನೋಡಿಕೊಳ್ಳುವಷ್ಟು. ಕಂಕುಳಲ್ಲಿ ಮೂಲೆ ಮಡಿಚಿ ಸವೆದುಹೋದ, ಕಂಚುವೀರನ ಮೊದಲ ಕಾಮಿಕ್ಸ್ ಪುಸ್ತಕ.

“ಪುಸ್ತಕ ಯಾಕೆ ಮರಿ? ಕತ್ತಲಲ್ಲಿ ಓದ್ತೀಯಾ?”

“ಡೈರೆಕ್ಟರ್ ಹತ್ರ ಸೈನ್ ಹಾಕಿಸ್ಕೋತೀನಿ. ಆಮೇಲೆ ಅದರ ಕೆಳಗೆ ನಾನೂ ಒಂದು ಹಾಕ್ತೀನಿ. ನಡಿಗೆ ನನ್ನದಲ್ವಾ?”

ಅವನ ಕೈ ಲೇಸಿನಲ್ಲಿ ಸಿಕ್ಕಿಕೊಂಡಿತು. ಕೋಣೆಯಿಂದ ಹೆಂಡತಿ ತಲೆ ಬಾಚಿಕೊಳ್ಳುತ್ತಲೇ ಇಣುಕಿದಳು. ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಎದುರಿನವರ ಮುಖದಲ್ಲಿ ಕಣ್ಣು ಎಲ್ಲಿ ತಪ್ಪುತ್ತದೆಂದು ನೋಡಿ ನೋಡಿ ಅಭ್ಯಾಸವಾದವಳು.

“ರೀ, ಬೆಳಿಗ್ಗೆಯಿಂದ ನೋಡ್ತಾ ಇದ್ದೀನಿ, ಬಾಯಲ್ಲಿ ನೀರು ತುಂಬಿಕೊಂಡವರ ಹಾಗೆ ಓಡಾಡ್ತಾ ಇದ್ದೀರಿ. ಏನಾಗಿದೆ?”

“ಏನಿಲ್ಲ ಕಣೇ. ನಮ್ಮ ಕೆಲಸ ದೊಡ್ಡ ತೆರೆಯ ಮೇಲೆ ಹೇಗೆ ಬಂದಿದೆಯೋ ಅಂತ.”

“ಚೆನ್ನಾಗೇ ಬಂದಿರುತ್ತೆ ಬಿಡಿ. ಅಪ್ಪ ಮಗಳು ಸೇರಿ ಮಾಡಿದ್ದಲ್ವಾ?”

ಅವನು ಎದ್ದು ನಿಂತ. ಹೇಳುವ ಗಳಿಗೆ ಹೀಗೆ ಕೈಗೆ ಸಿಕ್ಕಂತೆ ಮಾಡಿ ಜಾರಿಹೋಗುವುದು ಅವನಿಗೆ ಹೊಸದೇನಲ್ಲ.

ಸಿನಿಮಾದಲ್ಲಿ ಯಾರು ನಡೆದರೂ ಆ ಹೆಜ್ಜೆಯ ಸದ್ದು ಅವರದಾಗಿರುವುದು ಕಡಿಮೆ. ಚಿತ್ರೀಕರಣದ ಗದ್ದಲದಲ್ಲಿ ಮಾತು ಸರಿಯಾಗಿ ಸಿಕ್ಕರೆ ಅದೇ ದೊಡ್ಡದು. ಆಮೇಲೆ ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ, ತೆರೆಯ ಮೇಲಿನ ಕಾಲುಗಳನ್ನೇ ನೋಡುತ್ತಾ, ಮೈಕಿನ ಮುಂದೆ ಒಬ್ಬನು ಅವರ ಜತೆಗೇ ನಡೆಯಬೇಕು. ಆ ಒಬ್ಬನು ಇವನು. ನೆಲದಲ್ಲಿ ಮರದ ಹಲಗೆ, ಕಲ್ಲಿನ ಚಪ್ಪಡಿ, ತಗಡು, ಒಂದು ಪೆಟ್ಟಿಗೆ ಮರಳು, ಒಂದು ಚೀಲ ಒಣ ಎಲೆ. ಗೋಡೆಯುದ್ದಕ್ಕೂ ಬೂಟು, ಚಪ್ಪಲಿ, ಅವನ ಅಳತೆಗೆ ಮಾಡಿಸಿದ ಹೆಂಗಸರ ಎತ್ತರದ ಹಿಮ್ಮಡಿ. ಅವನು ರಾಣಿಯರಾಗಿ ಮೆಟ್ಟಿಲಿಳಿದಿದ್ದ, ಕಳ್ಳರಾಗಿ ಗೋಡೆ ಹಾರಿದ್ದ, ತುಂಬು ಬಸುರಿಯಾಗಿ ಆಸ್ಪತ್ರೆಯ ಪಡಸಾಲೆ ದಾಟಿದ್ದ. ಸ್ಟುಡಿಯೊದಲ್ಲಿ ಎಲ್ಲರ ಬಾಯಲ್ಲೂ ಅವನು ‘ಹೆಜ್ಜೆಯಣ್ಣ’. ಸ್ವಂತ ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿದ್ದನೋ ಇಲ್ಲವೋ. ಇನ್ನೊಬ್ಬರ ಕಾಲ ಕೆಳಗೆ ಬದುಕು ಕಳೆದವನಿಗೆ ಮಾತು ಕಮ್ಮಿಯಾಗುವುದು ಸಹಜವೇ. ಮೈಕು ತೆರೆದಿರುವಾಗ ಉಸಿರನ್ನೂ ಬಿಗಿಹಿಡಿಯಬೇಕಾದ ಕೆಲಸ ಅದು. ಆ ಬಿಗಿ ಎಷ್ಟೋ ಸಲ ಮನೆಗೂ ಬರುತ್ತಿತ್ತು.

ಕಂಚುವೀರನನ್ನು ಮನೆಗೆ ತಂದವಳು ಮಗಳು. ಶಾಲೆಯ ಗೆಳತಿಯೊಬ್ಬಳು ಓದಿ ಮುಗಿಸಿ ಕೊಟ್ಟ ಪುಸ್ತಕ. ಅದರಲ್ಲಿ ಗೋಪುರದ ಗಡಿಯಾರಕ್ಕೆ ಎಣ್ಣೆ ಹಾಕುವ ಹುಡುಗನೊಬ್ಬ ಇದ್ದಾನೆ. ಒಂದು ದಿನ ಸರಪಳಿ ತುಂಡಾಗಿ, ಮೇಲಿನ ಕಂಚಿನ ಗಂಟೆ ಅವನ ಎಡಗಾಲಿನ ಮೇಲೆ ಬೀಳುತ್ತದೆ. ಯಾರಾದರೂ ಬರುವವರೆಗೆ ಅವನು ಅದರ ಕೆಳಗೇ ಬಿದ್ದಿರುತ್ತಾನೆ, ಗಂಟೆಯ ಗುಂಯ್‌ಗುಡುವಿಕೆ ಮುರಿದ ಮೂಳೆಯ ಮೂಲಕ ಮೈಯೆಲ್ಲ ಹರಡುತ್ತದೆ. ಅಂದಿನಿಂದ ಊರಿನ ಯಾವ ಮೂಲೆಯಲ್ಲಿ ಯಾರು ಅತ್ತರೂ ಅವನಿಗೆ ಕೇಳಿಸುತ್ತದೆ. ಕಂಚಿನ ಶಕ್ತಿಯೂ ಅವತ್ತೇ ಬಂತು, ಕುಂಟೂ ಅವತ್ತೇ ಬಂತು. ಎರಡನ್ನೂ ಬೇರೆ ಮಾಡಲು ಬರುವಂತಿರಲಿಲ್ಲ. ಚಿತ್ರಕಾರ ಪ್ರತಿ ಚೌಕದಲ್ಲೂ ಅವನ ಎಡಗಾಲಿನ ಹಿಂದೆ ಧೂಳಿನ ಒಂದು ಗೆರೆ ಎಳೆದಿದ್ದ. ಕತ್ತಲ ಓಣಿಯಲ್ಲಿ ಆ ಎಳೆತ ಕೇಳಿಸಿದರೆ ಸಾಕು, ಕೇಡಿಗಳ ಕೈಯಲ್ಲಿದ್ದದ್ದು ಕೆಳಗೆ ಬೀಳುತ್ತಿತ್ತು.

“ಅವನು ಬರ್ತಾ ಇರೋದು ಎಲ್ಲರಿಗೂ ಗೊತ್ತಾಗಿಬಿಡುತ್ತೆ ಅಪ್ಪ,” ಎಂದಿದ್ದಳು ಅವಳು, ಪುಟ ತಿರುಗಿಸುತ್ತಾ. “ಆದ್ರೂ ಅವನು ಮೆಲ್ಲಗೆ ಬರಲ್ಲ.”

ಅದುವರೆಗೆ ಅವಳು ಶಾಲೆಯಲ್ಲಿ ಎಲ್ಲರೂ ಹೋದ ಮೇಲೆ ತರಗತಿಯಿಂದ ಏಳುತ್ತಿದ್ದವಳು. ಆ ಪುಸ್ತಕ ಬಂದ ಮೇಲೆ ಎಲ್ಲರ ನಡುವೆ ಎದ್ದು ಬರತೊಡಗಿದಳು. ಹೆಂಡತಿ ಇದನ್ನು ಗಮನಿಸಿ ಹೇಳಿದಾಗ ಅವನು ಹೂಂ ಅಂದಿದ್ದ ಅಷ್ಟೇ, ಆದರೆ ಆ ವಾರವೆಲ್ಲ ಕೆಲಸದ ಕೋಣೆಯಲ್ಲಿ ಅವನ ಹೆಜ್ಜೆಗಳು ಹಗುರವಾಗಿದ್ದವು.

ಹಾಗಾಗಿ ಕಂಚುವೀರ ಸಿನಿಮಾ ಆಗುತ್ತದೆ, ಅದರ ಹೆಜ್ಜೆಗಳು ತನ್ನ ಪಾಲಿಗೆ ಬರುತ್ತವೆ ಎಂದಾಗ, ಮನೆಯಲ್ಲಿ ಅವನೇ ಬಾಯ್ತುಂಬ ಹೇಳಿಕೊಂಡ ಅಪರೂಪದ ಸುದ್ದಿ ಅದು. ಕೆಲಸ ಶುರುವಾದ ಮೇಲೆ ಮಾತ್ರ ಕೈ ಸೋತಿತು. ಬೂಟಿನಲ್ಲಿ ಸೀಸದ ತುಂಡಿಟ್ಟು ನಡೆದ, ಮೊಣಕಾಲಿಗೆ ಪಟ್ಟಿ ಬಿಗಿದು ನಡೆದ. ಬಂದದ್ದೆಲ್ಲ ಕುಂಟುವವನ ನಡಿಗೆಯಲ್ಲ, ಕುಂಟನ್ನು ಅಣಕಿಸುವವನ ನಡಿಗೆ. ಮಗಳ ನಡಿಗೆಯಲ್ಲಿ ಎಳೆತ ಮುಖ್ಯವಲ್ಲ. ಆ ಎಳೆತದ ಬೆನ್ನಿಗೆ ಇನ್ನೊಂದು ಕಾಲು ತೋರಿಸುವ ಅವಸರ ಇದೆಯಲ್ಲ, ಬಿದ್ದ ತಂಗಿಯನ್ನು ಹಿಡಿಯಲು ಓಡಿಬರುವ ಅಕ್ಕನ ಹಾಗೆ, ಅದು ಅವನ ಆರೋಗ್ಯವಂತ ಕಾಲಿಗೆ ಏನು ಮಾಡಿದರೂ ಬರಲಿಲ್ಲ.

ಕೊನೆಗೆ ಶಾಲೆ ಬಿಟ್ಟ ಮೇಲೆ ಅವಳನ್ನೇ ಕರೆದುಕೊಂಡು ಹೋದ. ಯಾರಿಗೂ ಹೇಳಲಿಲ್ಲ. ಹೊರಗಿನವರನ್ನು, ಅದರಲ್ಲೂ ಮಕ್ಕಳನ್ನು, ಮೈಕಿನ ಮುಂದೆ ನಿಲ್ಲಿಸಬೇಕಾದರೆ ಮೇಲಿನವರ ಒಪ್ಪಿಗೆ ಬೇಕು. ಕೇಳಿದರೆ ಬೇಡ ಎಂದಾರು ಎಂಬ ಅಂಜಿಕೆ. ಅವಳು ಹಲಗೆಯ ಮೇಲೆ ನಡೆದಳು, ಕಲ್ಲಿನ ಮೇಲೆ ನಡೆದಳು, ಮರಳಿನ ಪೆಟ್ಟಿಗೆಯಲ್ಲಿ ನಗುತ್ತಾ ನಡೆದು ಮೂರು ಸಲ ಕೆಲಸ ಕೆಡಿಸಿದಳು. ಆಮೇಲೆ ದೊಡ್ಡ ಹೆಡ್‌ಫೋನು ಹಾಕಿಕೊಂಡು ತನ್ನನ್ನು ತಾನು ಕೇಳಿದಳು.

“ಅಪ್ಪ, ಇದು ನಾನಾ? ಇಷ್ಟು ಗಟ್ಟಿಯಾಗಿ ನಡೀತೀನಾ ನಾನು?”

“ಕಂಚುವೀರ ಮೆಲ್ಲಗೆ ಬರಲ್ಲವಲ್ಲ.”

“ಅದೇನು ಮಧ್ಯೆ ಚಿಟ್ ಅನ್ನುತ್ತೆ?”

“ನಿನ್ನ ಬೂಟಿನ ಬಕಲು. ಸಡಿಲ ಆಗಿದೆ. ಅಳಿಸಿಬಿಡಲಾ?”

“ಬೇಡ! ಇರಲಿ. ಬಕಲೂ ಸಿನಿಮಾ ಸೇರಿತು ಅನ್ನು.” ಅವಳು ಹೆಡ್‌ಫೋನನ್ನು ಎರಡು ಕೈಯಲ್ಲೂ ಒತ್ತಿ ಹಿಡಿದು ಮತ್ತೊಮ್ಮೆ ಕೇಳಿದಳು, ಕಣ್ಣು ಮುಚ್ಚಿಕೊಂಡು. ಒಬ್ಬರು ತಮ್ಮ ನಡಿಗೆಯನ್ನು ತಾವೇ ಹಾಗೆ ಕೇಳುವುದನ್ನು ಅವನು ಮೊದಲ ಸಲ ನೋಡಿದ್ದ.

ಹೆಜ್ಜೆಗಳನ್ನು ತೆಗೆದಿಡುವಾಗ ನಡೆದವರ ಹೆಸರು ಹಾಕುವ ರೂಢಿ ಅವರಲ್ಲಿಲ್ಲ. ನೆಲ ಯಾವುದು, ಬೂಟು ಯಾವುದು, ನಿಧಾನವೋ ಅವಸರವೋ, ಅಷ್ಟೇ. ‘ಹಲಗೆ, ದಪ್ಪ ಅಟ್ಟೆ, ಎಡಗಾಲು ಎಳೆತ’ ಎಂದು ಹೆಸರಿಟ್ಟು ಕಳಿಸಿದ. ಮಾರನೆಯ ದಿನ ಮಿಕ್ಸಿಂಗ್ ರೂಮಿನ ಮೇಡಂ, ಎಲ್ಲ ಸದ್ದುಗಳನ್ನೂ ಕೂಡಿಸಿ ಹದ ಮಾಡುವ ಹೆಂಗಸು, ಅವನನ್ನು ಪಡಸಾಲೆಯಲ್ಲೇ ಹಿಡಿದು ನಿಲ್ಲಿಸಿದಳು.

“ಹೆಜ್ಜೆಯಣ್ಣ, ಇಷ್ಟು ವರ್ಷದಲ್ಲಿ ನೀವು ಇಂಥದ್ದು ಮಾಡೇ ಇಲ್ಲ. ಹೇಗ್ರೀ ಬಂತು ಇದು?”

ಅವನು ನಕ್ಕ. ಹೇಳಬೇಕಾಗಿದ್ದ ಮಾತು ನಾಲಗೆಯ ತುದಿಯವರೆಗೆ ಬಂದು, ಒಪ್ಪಿಗೆ ಕೇಳದೆ ಮಾಡಿದ್ದು ನೆನಪಾಗಿ ಹಿಂದೆ ಸರಿಯಿತು. “ಹೇಗೋ ಬಂತು ಮೇಡಂ,” ಎಂದ. ಹೊಗಳಿಕೆ ಬಿಸಿ ಚಹಾದ ಹಾಗೆ ಒಳಗೆ ಇಳಿಯಿತು. ಅದನ್ನು ಕುಡಿದವನು ತಾನು.

ಚಿತ್ರ ಮುಗಿಯುತ್ತಾ ಬಂದಾಗ ಒಂದಷ್ಟು ಜನರನ್ನು ಕೂರಿಸಿ ತೋರಿಸಿ ಅಭಿಪ್ರಾಯ ಕೇಳಿದರು. ಆಮೇಲೆ ಕಥೆಯೇ ತಿರುಗಿತು. ನಿರ್ದೇಶಕ ಎಲ್ಲರನ್ನೂ ಕೂಡಿಸಿಕೊಂಡು ವಿವರಿಸಿದ. ಚಿಕ್ಕ ವಯಸ್ಸಿನವನು, ಕೆಟ್ಟವನಲ್ಲ, ಬಂದವರಿಗೆಲ್ಲ ತಾನೇ ಕುರ್ಚಿ ಎಳೆದು ಕೊಡುವವನು.

“ಜನಕ್ಕೆ ಒಂದು ಎದ್ದು ನಿಲ್ಲೋ ಗಳಿಗೆ ಬೇಕು. ಪುಸ್ತಕದಲ್ಲಿ ಶಕ್ತಿ ಬರುತ್ತೆ, ಆದ್ರೂ ಇವನು ಕುಂಟ್ತಾನೇ ಇರ್ತಾನೆ. ಹಾಗಾದ್ರೆ ಬಂದಿದ್ದೇನು ಅಂತ ಕೇಳ್ತಾರೆ. ಅದಕ್ಕೇ ನಮ್ಮ ಹುಡುಗ ಹುಟ್ಟುತ್ತಲೇ ಕುಂಟ. ಗಂಟೆ ಬೀಳುತ್ತೆ, ಕಂಚಿನ ನಾದ ಮೈಗೆ ಹರಿಯುತ್ತೆ, ಕಾಲು ನೆಟ್ಟಗಾಗುತ್ತೆ. ಎದ್ದು ಓಡ್ತಾನೆ. ಥಿಯೇಟರು ಎದ್ದು ನಿಲ್ಲುತ್ತೆ ನೋಡಿ. ಗಂಟೆ ಯಾರ ಕಾಲಿನ ಮೇಲೆ ಬಿತ್ತು? ಅದನ್ನ ಎರಕ ಹೊಯ್ದ ಮುದುಕನ ಮೇಲೆ. ಕಾಲು ಹೋಯ್ತು, ಊರ ಮೇಲೆ ಹಗೆ ಬಂತು. ವಿಲನ್ ಹುಟ್ಟಿದ್ದೂ ಅದೇ ಗಳಿಗೆಯಲ್ಲಿ. ಎಷ್ಟು ಚೆನ್ನಾಗಿ ಕೂಡುತ್ತೆ ಅಲ್ವಾ?”

ಚೆನ್ನಾಗಿ ಕೂಡುತ್ತಿತ್ತು. ಅದೇ ಸಂಕಟ. ಪುಸ್ತಕದ ಹಕ್ಕು ಇದ್ದವರೂ ಒಪ್ಪಿಕೊಂಡರಂತೆ. ಕೆಲವು ದೃಶ್ಯಗಳನ್ನು ಮತ್ತೆ ಚಿತ್ರಿಸಿದರು. ನಾಯಕ ಕುಂಟುತ್ತಾ ನಡೆದ ಹಳೆಯ ದೃಶ್ಯಗಳನ್ನು ಸೊಂಟದಿಂದ ಮೇಲೆ ಕತ್ತರಿಸಿಕೊಂಡರು. ಕೆಳಗೆ ಕಾಲು ಹೇಗಿದೆ ಎಂಬುದನ್ನು ಇನ್ನು ಸದ್ದೇ ಹೇಳಬೇಕು. ಹಾಗಾಗಿ ಓಡುವ ಬೂಟು ಹಾಕಿಕೊಂಡು, ಹಲಗೆಯ ಮೇಲೆ ಒಂದೇ ಸಮನೆ ನಡೆದು, ಕಂಚುವೀರನ ಕಾಲನ್ನು ನೆಟ್ಟಗೆ ಮಾಡಿದವನೂ ಇವನೇ. ತೆರೆಯ ಮೇಲೆ ನಟನ ಹೆಗಲು ಇನ್ನೂ ಎಡಕ್ಕೆ ವಾಲುತ್ತಿತ್ತು. ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು.

ಆಮೇಲೆ ಮಿಕ್ಸಿಂಗ್ ರೂಮಿನ ಆ ದಿನ. ಉದ್ದನೆಯ ಮೇಜು, ಸಾಲು ಸಾಲು ಗುಂಡಿಗಳು, ಎ.ಸಿ.ಯ ಚಳಿಗೆ ಆರಿಹೋದ ಚಹಾ. ತೆರೆಯ ಮೇಲೆ ಕತ್ತಲ ಪಡಸಾಲೆ, ಅದರ ತುದಿಯಲ್ಲಿ ಬಚ್ಚಿಟ್ಟುಕೊಂಡ ಮಕ್ಕಳು. ಎರಕದ ಮುದುಕ ಅವರನ್ನು ಹುಡುಕಿಕೊಂಡು ಬರುತ್ತಾನೆ, ಆದರೆ ಇನ್ನೂ ಕಾಣಿಸುವುದಿಲ್ಲ.

“ಅಣ್ಣ, ನಿಮ್ಮ ಆ ಎಳೆಯೋ ಹೆಜ್ಜೆ ಇತ್ತಲ್ಲ,” ಎಂದ ನಿರ್ದೇಶಕ. “ಅಂಥದ್ದನ್ನ ವೇಸ್ಟ್ ಮಾಡೋದು ಬೇಡ. ಇವನಿಗೆ ಹಾಕೋಣ.”

ಮೇಡಂ ಹುಡುಕಿ ತೆಗೆದು ಹಾಕಿದಳು. ಟಕ್. ಸರ್ರ್. “ಸ್ವಲ್ಪ ಹಗುರ ಆಯ್ತು. ಇಳಿಸ್ತೀನಿ ಇರಿ.” ಒಂದು ಗುಂಡಿ ತಿರುಗಿತು. ಅವನ ಹನ್ನೆರಡು ವರ್ಷದ ಮಗಳು ಆ ಕೋಣೆಯಲ್ಲಿ ಭಾರವಾದಳು, ಮುದಿಯಾದಳು, ಮಕ್ಕಳನ್ನು ಕೊಲ್ಲಲು ಪಡಸಾಲೆಯಲ್ಲಿ ನಡೆದು ಬಂದಳು. ಚಿಟ್ ಎಂದು ಬಕಲು ಕೂಡ.

ಅವನ ಬೆನ್ನಿನಲ್ಲಿ ಚಳಿ ಎದ್ದಿತು. ಆ ಚಳಿಯ ಹಿಂದೆಯೇ ಇನ್ನೊಂದು ಎದ್ದಿತು. ಅದಕ್ಕೆ ಇವತ್ತಿಗೂ ಅವನು ಹೆಸರಿಟ್ಟಿಲ್ಲ. ಸದ್ದು ಸರಿಯಾದ ಜಾಗಕ್ಕೆ ಬಂದು ಕೂತಾಗ ಕಸುಬಿನವನ ಮೈಯಲ್ಲಿ ಏಳುವಂಥದ್ದು, ಯಾರ ಸದ್ದು, ಯಾವ ಜಾಗ ಎಂದು ಕೇಳದಂಥದ್ದು.

“ಹೆಜ್ಜೆಯಣ್ಣ, ಏನಂತೀರಿ?” ಮೇಡಂ ಕುರ್ಚಿ ತಿರುಗಿಸಿದಳು. ಎಲ್ಲರೂ ಅವನತ್ತ ನೋಡಿದರು. ಕೇಳಿದ್ದರು. ಬಾಯಿಬಿಟ್ಟು ಕೇಳಿದ್ದರು. ಅವನು ಬೇಡ ಎಂದಿದ್ದರೆ ಅಲ್ಲಿ ಬಡಿದಾಡುವವರು ಯಾರೂ ಇರಲಿಲ್ಲ, ಇನ್ನೊಂದು ಹೆಜ್ಜೆ ಮಾಡಿಸಿಕೊಳ್ಳುತ್ತಿದ್ದರು, ಅಷ್ಟೇ.

ಅವನು ಬಾಯಿ ತೆರೆದ.

“ಎಳೆಯೋಕೆ ಮುಂಚೆ ಇನ್ನೊಂಚೂರು ಜಾಗ ಬಿಡಿ ಮೇಡಂ,” ಎಂದ. “ನಿಂತೇಬಿಟ್ಟನೇನೋ ಅನ್ನಿಸಬೇಕು. ಹೋದ ಅಂತ ಮಕ್ಕಳು ಉಸಿರು ಬಿಡಬೇಕು. ಆಗ ಎಳೀರಿ.”

ಹಾಗೇ ಮಾಡಿದರು. ನಿರ್ದೇಶಕ ಕುರ್ಚಿಯಿಂದ ಚಂಗನೆ ಎದ್ದು ತೋಳು ಉಜ್ಜಿಕೊಂಡ. “ಅಯ್ಯೋ, ಮೈಮೇಲಿನ ಕೂದಲೆಲ್ಲ ಎದ್ದಿದೆ ನೋಡಿ! ಅಣ್ಣ, ನೀವು ಮನುಷ್ಯರೇ ಅಲ್ಲ!” ಎಲ್ಲರೂ ನಕ್ಕರು. ಅವನೂ ನಕ್ಕ.

ಪಾಸು ಹಿಡಿದು ಮೂವರೂ ಹೋದಾಗ ಚಿತ್ರಮಂದಿರದಲ್ಲಿ ಚಿತ್ರಕ್ಕೆ ಕೆಲಸ ಮಾಡಿದವರೂ ಅವರ ಮನೆಯವರೂ ತುಂಬಿದ್ದರು. ಮಗಳು ನಡುವೆ, ಅಪ್ಪ ಅಮ್ಮ ಆಚೀಚೆ. ದೀಪ ಆರುವ ಮೊದಲು ಅವಳು ಹಿಂದೆ ಮುಂದೆ ತಿರುಗಿ ನೋಡಿದಳು. “ಇಷ್ಟೂ ಜನ ಕೇಳ್ತಾರಾ?” ಎಂದು ಅಮ್ಮನ ಕಿವಿಯಲ್ಲಿ ಕೇಳಿದಳು. “ಊರಿಗೆ ಊರೇ ಕೇಳುತ್ತೆ ಕಣೇ,” ಎಂದಳು ಅಮ್ಮ.

ಗೋಪುರ ಬಂತು, ಹುಡುಗ ಬಂದ. ಅವನು ಮೊದಲ ದೃಶ್ಯದಲ್ಲೇ ಕುಂಟುತ್ತಿದ್ದ, ಬೀದಿಯ ಮಕ್ಕಳು ಅವನಿಗೆ ಕಲ್ಲೆಸೆಯುತ್ತಿದ್ದರು. ಆ ಹೆಜ್ಜೆಗಳನ್ನು ಅಳುಬುರುಕ ಸಂಗೀತ ಮುಚ್ಚಿತ್ತು.

“ಅಪ್ಪ, ಇದು ಬೇರೆ,” ಎಂದು ಅವಳು ಪಿಸುಗುಟ್ಟಿದಳು. “ಅವನು ಮುಂಚೆ ಹೀಗಿರಲಿಲ್ಲ. ಗಂಟೆ ಬಿದ್ದ ಮೇಲೆ ತಾನೇ?”

ಅವನು ತೆರೆಯನ್ನೇ ನೋಡುತ್ತಿದ್ದ. ಗಂಟೆ ಬಿತ್ತು. ಬೆಳಕು ಕಂಚಾಯಿತು. ಹುಡುಗನ ಪಾದ ತಿರುಚಿ, ನಡುಗಿ, ನೆಟ್ಟಗೆ ನೆಲಕ್ಕೆ ಊರಿತು. ಅವನು ಎದ್ದ, ಓಡಿದ, ಬೂಟಿನ ಹದವಾದ ಸಮ ಸಮ ಸದ್ದು ಗೋಡೆಯಿಂದ ಗೋಡೆಗೆ ಹಾಯ್ದಿತು. ನಿರ್ದೇಶಕ ಹೇಳಿದಂತೆಯೇ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರ ಬೆನ್ನುಗಳ ಮರೆಯಲ್ಲಿ ಮೂವರು ಕೂತೇ ಇದ್ದರು.

“ಕಾಲು ಸರಿಹೋಗಿಬಿಡ್ತಲ್ಲ,” ಎಂದಳು ಅವಳು. ಅಳುವಿರಲಿಲ್ಲ ದನಿಯಲ್ಲಿ, ಲೆಕ್ಕ ತಪ್ಪಿದವರ ಗಲಿಬಿಲಿ ಇತ್ತು. “ಹಾಗಾದ್ರೆ ನನ್ನ ನಡಿಗೆ ಎಲ್ಲಿ ಬರುತ್ತೆ?”

“ಮುಂದೆ ಬರುತ್ತೆ,” ಎಂದ.

ಸುಳ್ಳಲ್ಲ. ಅದಕ್ಕಿಂತ ಒಂದು ಸುಳ್ಳು ಹೇಳಿದ್ದರೆ ವಾಸಿಯಿತ್ತು. ಅವಳು ಆ ಮಾತನ್ನು ನಂಬಿ, ಪುಸ್ತಕವನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ ಕಾಯತೊಡಗಿದಳು. ಪ್ರತಿ ಸಲ ಯಾರಾದರೂ ನಡೆದಾಗ ಅವಳ ತಲೆ ಒಂದು ಕೂದಲೆಳೆಯಷ್ಟು ಓರೆಯಾಗುತ್ತಿತ್ತು. ಕೇಳುವವರ ತಲೆ ಹಾಗೆ ಓರೆಯಾಗುತ್ತದೆ. ಅವನ ತಲೆಯೂ ಹಾಗೇ. ಅದನ್ನು ಅವಳು ಅವನಿಂದಲೇ ಪಡೆದಿದ್ದಳು.

ಪಡಸಾಲೆ ಬಂತು. ಸಂಗೀತ ನಿಂತಿತು. ಮಳೆಯನ್ನೂ ಮೇಡಂ ಆ ಜಾಗದಲ್ಲಿ ಪೂರಾ ಇಳಿಸಿಬಿಟ್ಟಿದ್ದಳು. ಸದ್ದು ಚೆನ್ನಾಗಿ ಕೇಳಿಸಲಿ ಎಂದು. ಟಕ್.

ಆಮೇಲೆ ಅವನೇ ಬಿಡಿಸಿದ್ದ ಆ ಜಾಗ. ಚಿತ್ರಮಂದಿರದಲ್ಲಿ ಒಬ್ಬರೂ ಉಸಿರಾಡಲಿಲ್ಲ. ಮುಂದಿನ ಸಾಲಿನಲ್ಲಿ ಪುಟ್ಟ ಮಗುವೊಂದು ಮುಖವನ್ನು ಅಮ್ಮನ ಮಡಿಲಿಗೆ ಹಾಕಿತು. ಸರ್ರ್. ಚಿಟ್.

ಅವನು ಮಗಳ ಕಡೆ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. ಅವಳ ಉಸಿರು ಒಳಗೆ ಹೋದದ್ದು ಕೇಳಿಸಿತು, ಹೊರಗೆ ಬಂದದ್ದು ಕೇಳಿಸಲಿಲ್ಲ. ಪುಸ್ತಕದ ಮೇಲೆ ಬೆರಳೊಂದು ಉಗುರಿನಿಂದ ಗೀರಿ ನಿಂತಿತು. ಹೆಜ್ಜೆಗಳು ಬರುತ್ತಲೇ ಇದ್ದವು, ಬಲದಿಂದ ಎಡಕ್ಕೆ, ಹತ್ತಿರ, ಇನ್ನೂ ಹತ್ತಿರ. ಹಿಂದಿನಿಂದ ಯಾರೋ ಹೆದರಿಕೆಯ ನಗು ನಕ್ಕು “ಥೂ, ಹೆದರಿಸಿ ಸಾಯಿಸ್ತಾನೆ ಇವನು” ಎಂದರು. ಹೆಂಡತಿಯ ಕೈ ಕತ್ತಲಲ್ಲಿ ಮಗಳ ಕೈ ಹುಡುಕಿತು. ಹೆಂಡತಿಯ ತಲೆ ನಿಧಾನವಾಗಿ ಅವನ ಕಡೆ ತಿರುಗಿತು, ಹಾಗೇ ನಿಂತಿತು. ಅವನು ತೆರೆಯನ್ನೇ ನೋಡುತ್ತಿದ್ದ. ಮೈಕು ತೆರೆದಿರುವಾಗ ಮಾಡುವ ಹಾಗೆ ಉಸಿರು ಹಿಡಿದಿದ್ದ.

ಚಿತ್ರ ಮುಗಿದ ಮೇಲೆ ಅಂಗಳದಲ್ಲಿ ನಿರ್ದೇಶಕ ಜನರ ನಡುವೆ ದಾರಿ ಮಾಡಿಕೊಂಡು ಬಂದು ಅವನ ಹೆಗಲು ತಬ್ಬಿದ.

“ಅಣ್ಣ, ಹೊರಗೆ ಬಂದವರೆಲ್ಲ ಅದೊಂದನ್ನೇ ಮಾತಾಡ್ತಾ ಇದ್ದಾರೆ. ಆ ಹೆಜ್ಜೆ, ಆ ಹೆಜ್ಜೆ ಅಂತ!” ಆಮೇಲೆ ಬಗ್ಗಿ, “ನಿಮ್ಮಪ್ಪ ಮಾಟಗಾರ ಕಣಮ್ಮ. ಹೆದರಿಕೆ ಆಯ್ತಾ ನಿಂಗೆ?” ಎಂದ.

ಅವಳು ಅಪ್ಪನ ಮುಖ ನೋಡಿದಳು. ಹೆಂಡತಿಯೂ ನೋಡಿದಳು. ಆ ಗಳಿಗೆ ಎಷ್ಟು ಉದ್ದವಿತ್ತೆಂದರೆ ಅದರಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿ, ಅತ್ತು, ಸುಧಾರಿಸಿಕೊಳ್ಳಬಹುದಿತ್ತು. ಅವನು ಬೂಟಿನ ತುದಿಯಿಂದ ನೆಲದ ಕಲ್ಲನ್ನು ಮುಟ್ಟಿ ನೋಡಿದ.

“ಆಯ್ತು ಸಾರ್,” ಎಂದಳು ಮಗಳು.

“ಓಹೋ, ಪುಸ್ತಕ ತಂದಿದ್ದೀಯಾ? ಕೊಡು, ಸೈನ್ ಹಾಕ್ತೀನಿ.”

ಅವಳು ಪುಸ್ತಕವನ್ನು ಬೆನ್ನ ಹಿಂದಕ್ಕೆ ತೆಗೆದುಕೊಂಡಳು. “ಬೇಡ ಸಾರ್. ಇದು ಹಳೇ ಕಥೆ.”

“ಚುರುಕಿದ್ದಾಳೆ!” ಎಂದು ನಿರ್ದೇಶಕ ನಕ್ಕು, ಇನ್ನೊಬ್ಬರ ಕಡೆ ತಿರುಗಿದ.

ಬಸ್‌ ನಿಲ್ದಾಣದವರೆಗೆ ನಡೆಯುವಾಗ ಅವಳು ಕಲ್ಲುಹಾಸು ಬಿಟ್ಟು ಅಂಚಿನ ಹುಲ್ಲಿನ ಮೇಲೆ ನಡೆದಳು. ಮನೆಗೆ ಬಂದ ಮೇಲೆ ಹೆಂಡತಿ ಕೋಣೆಯ ಬಾಗಿಲು ಮುಂದೆ ಮಾಡಿ ಕೇಳಿದಳು.

“ನಿಮಗೆ ಗೊತ್ತಿತ್ತು.”

“ಅವರು ಹಾಕಿದರು.”

“ನಾನು ಅದನ್ನ ಕೇಳಲಿಲ್ಲ. ನಿಮಗೆ ಗೊತ್ತಿತ್ತು. ಅಲ್ಲಿ ಡೈರೆಕ್ಟರ್ ಅಷ್ಟು ಹೊತ್ತು ನಿಂತಿದ್ದರಲ್ಲ, ಒಂದು ಮಾತು ಆಡೋಕೆ ನಿಮ್ಮ ಬಾಯಿಗೆ ಯಾರು ಹೊಲಿಗೆ ಹಾಕಿದ್ರು?”

ಅವನು ಮಂಚದ ಅಂಚಿನಲ್ಲಿ ಕೂತು ಅಂಗೈ ನೋಡಿಕೊಂಡ. ಎಳೆತಕ್ಕೆ ಮುಂಚಿನ ಆ ಜಾಗ ಬಿಡಿಸಿದವನು ತಾನೇ ಎಂಬುದು ಅವಳಿಗೆ ತಿಳಿಯದು. ಅವಳು ದೀಪ ಆರಿಸಿದಳು.

ಚಿತ್ರ ಊರೆಲ್ಲ ಓಡಿತು. ಬೀದಿಯ ಮಕ್ಕಳು ಒಬ್ಬರನ್ನೊಬ್ಬರು ಹೆದರಿಸಲು ಕಾಲು ಎಳೆದುಕೊಂಡು ನಡೆಯುವ ಆಟ ಕಲಿತರು. ಒಂದು ಸಂಜೆ ಮಗಳು ಫೋನಿನಲ್ಲಿ ಗೆಳತಿಗೆ ಹೇಳುವುದು ಅವನಿಗೆ ಕೇಳಿಸಿತು. “ಇಲ್ಲ ಕಣೇ, ನಂದು ತೆಗೆದುಬಿಟ್ರಂತೆ. ಕಥೆ ಬದಲಾಯಿತಲ್ಲ, ಜಾಗ ಇರಲಿಲ್ಲವಂತೆ. ಪಾಪ ಅಪ್ಪ ಎಷ್ಟು ಕೇಳಿಕೊಂಡನಂತೆ ಗೊತ್ತಾ?” ಅವನಿಗಾಗಿ ಅವಳು ಅಷ್ಟು ಸಲೀಸಾಗಿ ಸುಳ್ಳು ಹೇಳುತ್ತಿದ್ದಳು.

ಅಷ್ಟರಲ್ಲೇ ಅವಳು ಇನ್ನೊಂದನ್ನೂ ಕಲಿತುಬಿಟ್ಟಿದ್ದಳು. ಯಾವಾಗ ಕಲಿತಳೋ, ಯಾರೂ ಇಲ್ಲದಾಗ ಎಷ್ಟು ಸಲ ಅಭ್ಯಾಸ ಮಾಡಿದಳೋ. ಎಡಗಾಲನ್ನು ಎಳೆಯದೆ ಪೂರಾ ಎತ್ತುವುದು, ಸೊಂಟವನ್ನು ಬಿಗಿಹಿಡಿಯುವುದು, ಬೂಟಿನ ಹೊರ ಅಂಚನ್ನು ಮೊದಲು ನೆಲಕ್ಕೆ ತಾಗಿಸಿ ಉಳಿದದ್ದನ್ನು ಮೆಲ್ಲನೆ ಇಳಿಸುವುದು. ಬಕಲಿಗೆ ಬಟ್ಟೆಯ ಪಟ್ಟಿ ಸುತ್ತಿದ್ದಳು. ಹಾಗೆ ನಡೆಯುವುದು ನೋವು ಕೊಡುತ್ತದೆಂದು ಹೆಂಡತಿ ಹೇಳಿದಳು, ರಾತ್ರಿ ಸೊಂಟಕ್ಕೆ ಎಣ್ಣೆ ತಿಕ್ಕುವವಳು ಅವಳು. “ಯಾಕೆ ಹೀಗೆ ಮಾಡ್ತೀಯಾ” ಎಂದು ಕೇಳಿದರೆ “ಸುಮ್ನೆ” ಎನ್ನುತ್ತಾಳಂತೆ. ಮತ್ತೆ ತರಗತಿಯಿಂದ ಕೊನೆಯಲ್ಲಿ ಏಳುತ್ತಾಳಂತೆ.

ಮನೆ ಸದ್ದಿಲ್ಲದ್ದಾಯಿತು. ಮುಂಚೆ ಅವನು ಸ್ನಾನದ ಮನೆಯಲ್ಲಿದ್ದರೂ ಅವಳು ಕಪಾಟಿನ ಹತ್ತಿರ ಇದ್ದಾಳೆ, ಈಗ ಕಿಟಕಿಗೆ ಹೋದಳು ಎಂದು ಗೊತ್ತಾಗುತ್ತಿತ್ತು. ಈಗ ಇಡೀ ಮನೆಯಲ್ಲಿ ಅವಳು ಎಲ್ಲಿದ್ದಾಳೆಂದು ತಿಳಿಯಬೇಕಾದರೆ ಹೋಗಿ ನೋಡಬೇಕು. ಕೆಲಸದ ಕೋಣೆಯಲ್ಲಿ ಅವನು ಬೇರೆ ಬೇರೆಯವರ ಹೆಜ್ಜೆ ಹಾಕುತ್ತಿದ್ದ. ಹೊಗಳಿಕೆ ಬರುತ್ತಿತ್ತು. ದೂರದ ಸ್ಟುಡಿಯೊದವರು ಕೂಡ ‘ಆ ಎಳೆಯೋ ಹೆಜ್ಜೆ ಮಾಡಿದವರು’ ಎಂದು ಅವನನ್ನು ಹುಡುಕಿಕೊಂಡು ಬಂದರು, ಅಂಥದ್ದೇ ಇನ್ನೊಂದು ಬೇಕೆಂದರು. ಆಗುವುದಿಲ್ಲ ಎಂದ. ಯಾಕೆ ಎಂದರೆ ಕಾಲು ನೋವು ಎಂದ.

ಒಂದು ಭಾನುವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಲೋಟ ತೊಳೆದು ತಿರುಗಿದರೆ ಅವಳು ಹಿಂದೆಯೇ ನಿಂತಿದ್ದಳು, ಒಂದು ಮಾರು ದೂರವೂ ಇರಲಿಲ್ಲ. ಅವನು ಬೆಚ್ಚಿಬಿದ್ದ. ಲೋಟ ಕೈಜಾರಿ ಕಲ್ಲಿನ ಮೇಲೆ ಉರುಳಿತು.

“ಹೆದರಿಬಿಟ್ಯಾ?” ಎಂದಳು. ನಗಲಿಲ್ಲ. “ನೀರು ಬೇಕಿತ್ತು ಅಷ್ಟೇ.”

“ಬಂದಿದ್ದೇ ಗೊತ್ತಾಗಲಿಲ್ಲ ಮರಿ.”

“ಹೂಂ,” ಎಂದಳು. “ಈಗ ಯಾರಿಗೂ ಗೊತ್ತಾಗಲ್ಲ.”

ಲೋಟ ಎತ್ತಿ, ನೀರು ಹಿಡಿದು, ಅಲ್ಲೇ ನಿಂತು ಕುಡಿದಳು. ಅವನು ನೋಡುತ್ತಾ ನಿಂತ. ಮಿಕ್ಸಿಂಗ್ ರೂಮಿನಲ್ಲಿ ತಾನು ಆಡಿದ್ದ ಮಾತು, ಚಿತ್ರಮಂದಿರದ ಅಂಗಳದಲ್ಲಿ ಆಡದ ಮಾತು, ಎರಡೂ ಒಟ್ಟಿಗೆ ಗಂಟಲಿಗೆ ಬಂದವು. ಅವಳು ಲೋಟ ಕೆಳಗಿಟ್ಟಳು, ಸೊಂಟ ಬಿಗಿಹಿಡಿದಳು, ಬೂಟಿನ ಅಂಚನ್ನು ಮೊದಲ ಕಲ್ಲಿಗೆ ತಾಗಿಸಿದಳು. ಬಾಗಿಲು ದಾಟುವವರೆಗೆ ಅವನು ಕಿವಿಗೊಟ್ಟ. ಏನೂ ಕೇಳಿಸಲಿಲ್ಲ.

ಚಿತ್ರದ ಆ ಎಳೆಯುವ ಹೆಜ್ಜೆ ತನ್ನ ಮಗಳ ನಡಿಗೆ ಎಂದು ಅವನು ಯಾರಿಗೂ ಯಾವತ್ತೂ ಹೇಳಲಿಲ್ಲ.